ಬೇಹಿನ ವಿಮಾನಗಳೂ ಯೋಧರ ನೆನಪುಗಳೂ

ಕಲ್ಯಾಣದಿಂದ ಮಲಂಗಗಡದ ಕಡೆಗೆ ಹೋಗುವ ದಾರಿಯಲ್ಲಿ ನೇವಾಳಿ ಎಂಬ ಹಳ್ಳಿಯಿದೆ. ಎರಡನೆಯ ಮಹಾಯುದ್ಧವು ಭಾರತದ ಪೂರ್ವ ಗಡಿಯನ್ನು ಮುಟ್ಟಿದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಇಲ್ಲಿಯ ರೈತರ ಹೊಲಗಳನ್ನು ವಶಪಡಿಸಿಕೊಂಡು ವಿಮಾನದಾಣವೊಂದನ್ನು ನಿರ್ಮಿಸಿತು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಆ ಹಾದಿಯನ್ನು ಬಲ್ಲರು. ಆದರೆ ಇಂತಹ ದಾಣಗಳು ಯಾವ ಯುದ್ಧಕ್ಕಾಗಿ ಹುಟ್ಟಿದುವೋ ಆ ಯುದ್ಧದಲ್ಲಿ ಭಾರತೀಯ ವೈಮಾನಿಕರು ಮಾಡಿದ ಕೆಲಸ ಎಂತಹುದೆಂಬ ಪರಿಚಯ ನಮ್ಮಲ್ಲಿ ಸಾಲದು. ಬಾಂಬು ಹಾಕಿದವರ ಹೆಸರು ಉಳಿಯುತ್ತದೆ; ನೋಡಿಕೊಂಡು ಬಂದು ಹೇಳಿದವರದು ಬೇಗ ಮರೆಯಾಗುತ್ತದೆ.

1932ರ ಅಕ್ಟೋಬರ್ 8ರಂದು ಸ್ಥಾಪಿತವಾದ ಭಾರತೀಯ ವಾಯುಪಡೆಯು ಮೊದಲಿನಿಂದಲೂ ಭೂಸೈನ್ಯದ ಸಹಾಯಕ್ಕೆಂದೇ ಬೆಳೆದುದು. 1942ರ ಫೆಬ್ರವರಿಯಲ್ಲಿ ಕೆ. ಕೆ. ಮಜುಂದಾರ್ ಅವರ ನಾಯಕತ್ವದಲ್ಲಿ 1ನೆಯ ಸ್ಕ್ವಾಡ್ರನ್ನು ಬರ್ಮಾದ ಟೌಂಗೂವಿಗೆ ಹೋದಾಗ ಅದರ ಬಳಿ ಇದ್ದುದು ಲೈಸಾಂಡರ್ ವಿಮಾನಗಳು. ನೋಡಿ ಬರುವುದಕ್ಕೆಂದು ರಚಿತವಾದ, ವೇಗವಿಲ್ಲದ ಯಂತ್ರಗಳು. ಅವಕ್ಕೆ ಬಾಂಬುಗಳನ್ನು ಕಟ್ಟಿ ಜಪಾನೀಯರ ನೆಲೆಗಳ ಮೇಲೆ ಹಾರಿಸಿದುದು ಆ ತರುಣರ ಎದೆಗಾರಿಕೆ. ಇದೇ ಮಜುಂದಾರರು 1944ರಲ್ಲಿ ಯುರೋಪಿಗೆ ಹೋಗಿ, ಬ್ರಿಟಿಷ್ ವಾಯುಪಡೆಯ 268ನೆಯ ಸ್ಕ್ವಾಡ್ರನ್ನಿನಲ್ಲಿ ನಾರ್ಮಂಡಿಯ ಮೇಲೆ ಬೇಹಿನ ಹಾರಾಟಗಳನ್ನು ನಡೆಸಿದರು. ಅಲ್ಲಿ ಉಳಿದು ಬಂದವರು 1945ರ ಫೆಬ್ರವರಿಯಲ್ಲಿ ಲಾಹೋರಿನಲ್ಲಿ ವಿಮಾನದ ಅಪಘಾತದಿಂದ ಮಡಿದುದನ್ನು ವಿಧಿಯೆನ್ನದೆ ಮತ್ತೇನೆನ್ನಬೇಕು!

ಬೇಹಿನ ಕೆಲಸದ ನಿಜವಾದ ಗರಡಿ 6ನೆಯ ಸ್ಕ್ವಾಡ್ರನ್ನು. 1942ರ ಡಿಸೆಂಬರಿನಲ್ಲಿ ತಿರುಚಿನಾಪಳ್ಳಿಯಲ್ಲಿ ಮೆಹರ್ ಸಿಂಗರ ಕೈಕೆಳಗೆ ಹುಟ್ಟಿದ ಈ ದಳವು 1943ರ ಕೊನೆಯಲ್ಲಿ ಹರಿಕೇನ್ ವಿಮಾನಗಳೊಡನೆ ಅರಕಾನಿನ ರಣರಂಗಕ್ಕೆ, ಕಾಕ್ಸ್ ಬಜಾರಿಗೆ, ಹೋಯಿತು. ಅಲ್ಲಿ ವಿಮಾನಗಳು ಜೋಡಿಜೋಡಿಯಾಗಿ ಹೊರಡುತ್ತಿದ್ದುವು. ಮುಂದಿನವನ ಕಣ್ಣು ಕೆಳಗೆ: ಕಾಡಿನ ಕಾಲುದಾರಿ, ತೊರೆಯಲ್ಲಿ ನಿಂತ ದೋಣಿ, ಮರದ ಮರೆಯಿಂದೇಳುವ ಅಡಿಗೆಯ ಹೊಗೆ. ಹಿಂದಿನವನ ಕಣ್ಣು ಆಕಾಶದಲ್ಲಿ. ಅತ್ತಿತ್ತ ಓಲಾಡುತ್ತ ಜೊತೆಗಾರನ ಬೆನ್ನು ಕಾಯುವುದೇ ಅವನ ಕರ್ತವ್ಯ. ಒಬ್ಬನು ಮೈಮರೆತರೆ ಇಬ್ಬರಿಗೂ ಆಪತ್ತು. ಕೆಳಮಟ್ಟದಲ್ಲಿ ಹಾರುವ ಹರಿಕೇನಿಗೆ ಜಪಾನೀ ಹೋರಾಟ ವಿಮಾನದಂತೆ ಚಟ್ಟನೆ ತಿರುಗಲು ಬರುತ್ತಿರಲಿಲ್ಲ. ಇಳಿದೊಡನೆ ಸೈನ್ಯದ ಅಧಿಕಾರಿಯ ಮುಂದೆ ಕಂಡುದನ್ನೆಲ್ಲ ಒಪ್ಪಿಸಬೇಕು. ಮೆಹರ್ ಸಿಂಗರಿಗೆ 1944ರಲ್ಲಿ ಡಿ.ಎಸ್.ಓ. ಪದವಿ ಬಂದಿತು, ಆ ಯುದ್ಧದಲ್ಲಿ ಅದನ್ನು ಪಡೆದ ಭಾರತೀಯ ವೈಮಾನಿಕರು ಅವರೊಬ್ಬರೇ.

ಅದೇ ವರ್ಷ ಇಂಫಾಲದಲ್ಲಿ ಅರ್ಜನ್ ಸಿಂಗರ 1ನೆಯ ಸ್ಕ್ವಾಡ್ರನ್ನು ಮುತ್ತಿಗೆಯ ನಡುವೆಯೇ ಇದ್ದು ಇದೇ ಕೆಲಸ ಮಾಡಿತು. 1944ರ ಜೂನ್ 22ರಂದು ಕೊಹಿಮಾದ ರಸ್ತೆ ತೆರೆಯುವವರೆಗೆ ಆ ಬಯಲಿಗೆ ಆಕಾಶಮಾರ್ಗವೊಂದೇ ಆಧಾರವಾಗಿತ್ತು.

ವೈಮಾನಿಕನ ದಿನಚರಿ ಪುಸ್ತಕದಲ್ಲಿ ಒಂದು ಹಾರಾಟಕ್ಕೆ ಒಂದೇ ಸಾಲು: ತಾರೀಖು, ವಿಮಾನ, ಕೆಲಸ, ಗಂಟೆಗಳು. ಭಯಕ್ಕೆ ಅದರಲ್ಲಿ ಅಂಕಣವಿಲ್ಲ. ಆದುದರಿಂದಲೇ ನೆನಪುಗಳಿಗೆ ಇತಿಹಾಸದಲ್ಲಿ ಬೆಲೆ. ಇಂಗ್ಲೆಂಡಿನಲ್ಲಿಯೂ ಆಮೇಲೆ ಬರ್ಮಾದಲ್ಲಿಯೂ ಹಾರಿದ ಮಹಿಂದರ್ ಸಿಂಗ್ ಪುಜ್ಜಿಯವರ ಆತ್ಮಕಥೆ ಹೊರಬಂದುದು 2010ರಲ್ಲಿ, ಅವರು ತೀರಿಕೊಂಡ ವರ್ಷ. ಡೋವರಿನ ಬಳಿ ವಿಮಾನ ನೆಲಕ್ಕಪ್ಪಳಿಸಿದಾಗ ತಲೆಯನ್ನು ಕಾಪಾಡಿದುದು ಪೇಟದ ಸುತ್ತುಗಳೆಂದೂ, ಬರ್ಮಾದ ಕಾಡಿನಲ್ಲಿ ದಾರಿತಪ್ಪಿದ ಸುಮಾರು 300 ಸೈನಿಕರನ್ನು ಮೇಲಿನಿಂದ ಹುಡುಕಿ ಕೊಟ್ಟುದಾಗಿಯೂ ಅವರು ನೆನೆದಿದ್ದಾರೆ. ಅರುವತ್ತು ವರ್ಷಗಳ ನೆನಪನ್ನು ದಾಖಲೆಯೊಡನೆ ತಾಳೆನೋಡಬೇಕಾದುದು ನ್ಯಾಯವೇ. ಆದರೆ ಪೇಟದ ಮಾತು ಯಾವ ಸರ್ಕಾರಿ ಕಡತದಲ್ಲಿಯೂ ಹುಟ್ಟಲಾರದು.

ಈ ಕಥೆಯಲ್ಲಿ ಕನ್ನಡನಾಡಿನ ಪಾಲು ಮುಖ್ಯವಾಗಿ ನೆಲದ ಮೇಲಿನದು. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಸ್ಥಾಪಿಸಿದ ಬೆಂಗಳೂರಿನ ವಿಮಾನ ಕಾರ್ಖಾನೆಯು ಯುದ್ಧಕಾಲದಲ್ಲಿ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಸಮುದ್ರದ ಮೇಲೆ ಬೇಹು ನಡೆಸುತ್ತಿದ್ದ ಕ್ಯಾಟಲಿನಾ ಎಂಬ ತೇಲು ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲಿಳಿದು ಕಾರ್ಖಾನೆ ಸೇರುತ್ತಿದ್ದುವು. ಇಂತಹ ವಿಮಾನದ ಮಹತ್ವವೆಷ್ಟೆಂಬುದಕ್ಕೆ 1942ರ ಏಪ್ರಿಲ್ 4 ಸಾಕ್ಷಿ: ಅಂದು ಲೆನರ್ಡ್ ಬರ್ಚಲ್ ಎಂಬ ಕೆನಡದ ವೈಮಾನಿಕನು ಸಿಂಹಳದ ಕಡೆಗೆ ಬರುತ್ತಿದ್ದ ಜಪಾನೀ ನೌಕಾಪಡೆಯನ್ನು ಕ್ಯಾಟಲಿನಾದಿಂದ ಕಂಡು, ಹೊಡೆದುರುಳಿಸಲ್ಪಡುವ ಮೊದಲೇ ಸುದ್ದಿ ಕಳುಹಿಸಿದನು. ಕೆರೆಯ ದಡದಲ್ಲಿ ನಿಂತು ಈ ಲೋಹದ ಹಕ್ಕಿಗಳನ್ನು ನೋಡಿದ ಬೆಳ್ಳಂದೂರಿನ ಜನಕ್ಕೆ ಅವು ಏನು ನೋಡಿ ಬಂದಿದ್ದುವೆಂಬುದು ಹೇಗೆ ತಿಳಿಯಬೇಕು?

ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು 1945ರ ಜನವರಿಯಲ್ಲಿ ಅರಕಾನಿನ ಕಾಂಗಾವ್ ಕದನದಲ್ಲಿ ಪಟಾಲಮನ್ನು ನಡೆಸಿದರು. ಯುದ್ಧಾನಂತರ ಜಪಾನಿನಲ್ಲಿ 268ನೆಯ ಭಾರತೀಯ ಬ್ರಿಗೇಡಿಗೆ ಅಧಿಪತಿಯಾದರು. 1946ರಲ್ಲಿ ಭಾರತೀಯ ವಾಯುಪಡೆಯ 4ನೆಯ ಸ್ಕ್ವಾಡ್ರನ್ನು ಸ್ಪಿಟ್‌ಫೈರ್‌ಗಳೊಡನೆ ಅದೇ ಜಪಾನಿಗೆ ಹಡಗೇರಿ ಹೋಗಿ, ಮೀಹೋ ದಾಣದಿಂದ ಪಹರೆಯ ಹಾರಾಟ ನಡೆಸಿತು. ಸೋತ ನಾಡಿನ ಮೇಲೆ ಕಣ್ಣಿಡುವ ಕೆಲಸ, ತಾವಿನ್ನೂ ಸ್ವತಂತ್ರರಾಗದವರ ಪಾಲಿಗೆ ಬಂದುದು ವಿಚಿತ್ರವೇ ಸರಿ. 1947ರಲ್ಲಿ ಅವರು ಮರಳಿದರು.

ನೇವಾಳಿಯ ಹೊಲಗಳು ಮಾತ್ರ ಯುದ್ಧ ಮುಗಿದ ಮೇಲೂ ರಕ್ಷಣಾ ಇಲಾಖೆಯ ಕೈಯಲ್ಲಿಯೇ ಉಳಿದುವು. ನೌಕಾಪಡೆಯು ಅಲ್ಲಿ ಆವರಣಗೋಡೆ ಕಟ್ಟತೊಡಗಿದಾಗ ಹಳೆಯ ಒಡೆಯರ ಮಕ್ಕಳು ಮೊಮ್ಮಕ್ಕಳು ಬೀದಿಗಿಳಿದರು. ಪೊಲೀಸರೊಡನೆ ಘರ್ಷಣೆಯಾಗಿ ಅನೇಕರು ಗಾಯಗೊಂಡರು. ಅದು ನಡೆದುದು 2017ರಲ್ಲಿ, ಇಂಫಾಲದ ಮುತ್ತಿಗೆ ತೆರವಾದ ಅದೇ ಜೂನ್ 22ರಂದು.