ಯಾರು ಮೇಲೆ, ಯಾರು ಕೆಳಗೆ: ಇಂಗ್ಲೆಂಡಿನ ಎರಡನೇ ದರ್ಜೆಯ ಫುಟ್‌ಬಾಲ್

1898ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ತಂಡಗಳು ಒಂದು ಪಂದ್ಯ ಆಡಿದವು. ಆಡಿದಂತೆ ನಟಿಸಿದವು ಎಂದರೂ ನಡೆದೀತು. ಡ್ರಾ ಆದರೆ ಇಬ್ಬರಿಗೂ ಮೊದಲ ಡಿವಿಜನ್‌ನಲ್ಲಿ ಜಾಗ ಖಾತ್ರಿ ಎಂಬುದು ಮೈದಾನದಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪಂದ್ಯ 0–0ಯಲ್ಲಿ ಮುಗಿಯಿತು. ಟೀಕೆ ಜೋರಾದಾಗ ಲೀಗ್ ಆಡಳಿತವು ಮೊದಲ ಡಿವಿಜನ್ನನ್ನು 16ರಿಂದ 18 ತಂಡಗಳಿಗೆ ಹಿಗ್ಗಿಸಿ ಎಲ್ಲರನ್ನೂ ಸಮಾಧಾನಪಡಿಸಿತು. ಮೇಲಿನ ದರ್ಜೆಯ ಕೊನೆಯ ತಂಡಗಳಿಗೂ ಕೆಳಗಿನ ದರ್ಜೆಯ ಮುಂಚೂಣಿ ತಂಡಗಳಿಗೂ ನಡುವೆ ನಡೆಯುತ್ತಿದ್ದ ಈ ‘ಟೆಸ್ಟ್ ಪಂದ್ಯ’ಗಳನ್ನೇ ಕೈಬಿಟ್ಟಿತು. ಅಲ್ಲಿಂದ ಮುಂದೆ ಬಡ್ತಿ, ಹಿಂಬಡ್ತಿ ಎರಡೂ ಅಂಕಪಟ್ಟಿಯ ಲೆಕ್ಕ ಮಾತ್ರ.

ಎರಡನೇ ಡಿವಿಜನ್‌ಗೆ ಆಗ ಇನ್ನೂ ಆರು ವರ್ಷ. 1888ರಲ್ಲಿ 12 ಕ್ಲಬ್‌ಗಳಿಂದ ಶುರುವಾದ ಫುಟ್‌ಬಾಲ್ ಲೀಗ್, ಎದುರಾಳಿ ಸಂಘಟನೆಯಾಗಿದ್ದ ಫುಟ್‌ಬಾಲ್ ಅಲಯನ್ಸ್‌ನ ಕ್ಲಬ್‌ಗಳನ್ನು 1892ರಲ್ಲಿ ಒಳಗೆ ಸೇರಿಸಿಕೊಂಡಾಗ ಹುಟ್ಟಿದ ದರ್ಜೆ ಇದು. ಮುಂದಿನ ಮುಕ್ಕಾಲು ಶತಮಾನದಲ್ಲಿ ಇದರ ಸ್ವರೂಪ ಅಷ್ಟೇನೂ ಬದಲಾಗಲಿಲ್ಲ.

ಈ ಲೀಗಿನ ಬಗ್ಗೆ ಬರೆಯುವವರೆಲ್ಲ ‘ಇಲ್ಲಿ ಯಾರು ಯಾರನ್ನಾದರೂ ಸೋಲಿಸಬಹುದು’ ಎನ್ನುತ್ತಾರೆ, ಅದೇನೋ ಹುಟ್ಟುಗುಣ ಎಂಬಂತೆ. ನನಗೆ ಹಾಗನಿಸುವುದಿಲ್ಲ. ಈ ಅನಿಶ್ಚಿತತೆಯ ಬಹುಪಾಲು ಸಭೆಗಳಲ್ಲಿ ಕೂತು ಮಾಡಿದ ನಿಯಮಗಳ ಫಲ. 1973–74ರಿಂದ ಎರಡರ ಬದಲು ಮೂರು ತಂಡಗಳು ಮೇಲೆ ಹೋಗತೊಡಗಿದವು, ಮೂರು ಕೆಳಗಿಳಿಯತೊಡಗಿದವು. ಆ ವರ್ಷವೇ ಮ್ಯಾಂಚೆಸ್ಟರ್ ಯುನೈಟೆಡ್ ಕೆಳಗಿಳಿಯಿತು. ಅಚ್ಚರಿಯೆಂದರೆ, ಮುಂದಿನ ಸೀಸನ್‌ನಲ್ಲಿ ಇಡೀ ದೇಶದಲ್ಲಿ ಅತಿ ಹೆಚ್ಚು ಸರಾಸರಿ ಪ್ರೇಕ್ಷಕರು ಬಂದದ್ದು ಎರಡನೇ ಡಿವಿಜನ್‌ನಲ್ಲಿದ್ದ ಅದೇ ತಂಡದ ಆಟಕ್ಕೆ. ತಂಡ ಬಿದ್ದರೆ ಊರೂ ಅದರ ಜೊತೆ ಇಳಿಯುತ್ತದೆ. ಟಿಕೆಟ್ ಕೊಳ್ಳುವವರು ದರ್ಜೆ ನೋಡಿ ಕೊಳ್ಳುವುದಿಲ್ಲ. 2016–17ರಲ್ಲಿ ನ್ಯೂಕಾಸಲ್ ಎರಡನೇ ದರ್ಜೆಯಲ್ಲಿದ್ದಾಗಲೂ ಅದರ ತವರಿನ ಸರಾಸರಿ 51,000 ದಾಟಿತ್ತು. ಇಡೀ ಲೀಗ್‌ಗೆ ಒಂದು ಸೀಸನ್‌ನಲ್ಲಿ 1 ಕೋಟಿಗೂ ಹೆಚ್ಚು ಜನ ಬರುವುದು ಈಗ ಸುದ್ದಿಯೇ ಅಲ್ಲ.

ಮೂರನೇ ಸ್ಥಾನಕ್ಕೂ ಬಡ್ತಿ ಎಂಬ ನಿಯಮದ ಸೊಗಸಾದ ಫಲ ನಾಟಿಂಗಮ್ ಫಾರೆಸ್ಟ್. ಬ್ರಯನ್ ಕ್ಲಫ್ ಅವರ ತಂಡ 1977ರಲ್ಲಿ ಮೂರನೆಯದಾಗಿ ಮೇಲೇರಿತು. ಮರುವರ್ಷವೇ ಇಂಗ್ಲೆಂಡಿನ ಚಾಂಪಿಯನ್. 1979, 1980ರಲ್ಲಿ ಯುರೋಪಿಯನ್ ಕಪ್. 1981ರಲ್ಲಿ ಗೆಲುವಿಗೆ ಎರಡರ ಬದಲು ಮೂರು ಅಂಕ ಬಂತು, ಡ್ರಾಗೆ ಸಮಾಧಾನಪಡುವ ಆಟದ ಬೆಲೆ ಇಳಿಯಿತು.

ದೊಡ್ಡ ತಿರುವು 1987ರ ಪ್ಲೇಆಫ್, ಅಂದರೆ ಕೊನೆಯ ಬಡ್ತಿಗಾಗಿ ಲೀಗ್ ಮುಗಿದ ಮೇಲೆ ಆಡುವ ನಾಕೌಟ್ ಪಂದ್ಯಗಳು. ಮೊದಲ ಡಿವಿಜನ್ನನ್ನು 22ರಿಂದ 20ಕ್ಕೆ ಇಳಿಸುವ ಲೆಕ್ಕಾಚಾರದ ನಡುವೆ ಪ್ರಯೋಗಕ್ಕೆಂದು ತಂದ ಈ ಏರ್ಪಾಡು ಮತ್ತೆ ಹೋಗಲೇ ಇಲ್ಲ. 1990ರಲ್ಲಿ ವೆಂಬ್ಲಿ ಮೈದಾನದಲ್ಲಿ ಒಂದೇ ಪಂದ್ಯದ ಫೈನಲ್ ಶುರುವಾಯಿತು. ಮೊದಲ ವರ್ಷವೇ ಎಡವಟ್ಟಾಯಿತು: ಸ್ವಿಂಡನ್ ಗೆದ್ದಿತು, ಆದರೆ ಹಣಕಾಸಿನ ಅಕ್ರಮಕ್ಕಾಗಿ ಬಡ್ತಿ ಕಳೆದುಕೊಂಡಿತು, ಸೋತ ಸಂಡರ್ಲೆಂಡ್ ಮೇಲೆ ಹೋಯಿತು. ಮೊದಲೆರಡು ಸ್ಥಾನ ತಪ್ಪಿದವರಿಗೂ ಆಸೆ ಉಳಿಸುವ ಈ ವ್ಯವಸ್ಥೆಯಿಂದಾಗಿ, 24 ತಂಡಗಳ, ತಂಡಕ್ಕೆ 46 ಪಂದ್ಯಗಳ ಸುದೀರ್ಘ ಲೀಗ್‌ನಲ್ಲಿ ಹತ್ತನೇ ಸ್ಥಾನದವರೂ ವಸಂತದವರೆಗೆ ಲೆಕ್ಕ ಹಾಕುತ್ತ ಕೂರುತ್ತಾರೆ.

2013ರ ಸೆಮಿಫೈನಲ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಲೆಸ್ಟರ್‌ನ ಆಂಥೊನಿ ನಾಕಾರ್ಟ್‌ಗೆ ಕೊನೆಗಳಿಗೆಯ ಪೆನಾಲ್ಟಿ. ಗೋಲಾದರೆ ಲೆಸ್ಟರ್ ವೆಂಬ್ಲಿಗೆ. ವಾಟ್‌ಫರ್ಡ್ ಗೋಲ್‌ಕೀಪರ್ ಅಲ್ಮುನಿಯಾ ಅದನ್ನು ತಡೆದರು, ಚಿಮ್ಮಿ ಬಂದ ಚೆಂಡನ್ನೂ ತಡೆದರು. ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ತುದಿಯಲ್ಲಿ ಟ್ರಾಯ್ ಡೀನಿ ಗೋಲು ಹೊಡೆದರು. ಅಷ್ಟಾದರೂ ವಾಟ್‌ಫರ್ಡ್ ಫೈನಲ್‌ನಲ್ಲಿ ಸೋತಿತು. ಲೆಸ್ಟರ್ ಮರುವರ್ಷ 102 ಅಂಕಗಳೊಂದಿಗೆ ಬಡ್ತಿ ಪಡೆದು, 2016ರಲ್ಲಿ ಪ್ರೀಮಿಯರ್ ಲೀಗನ್ನೇ ಗೆದ್ದಿತು.

1992ರಲ್ಲಿ ಮೇಲಿನ ಕ್ಲಬ್‌ಗಳು ಪ್ರತ್ಯೇಕವಾಗಿ ಪ್ರೀಮಿಯರ್ ಲೀಗ್ ಕಟ್ಟಿಕೊಂಡ ಮೇಲೆ ಕಥೆ ದುಡ್ಡಿನದಾಯಿತು. ಉಳಿದವರು ‘ಫಸ್ಟ್ ಡಿವಿಜನ್’ ಎಂದು, 2004ರಿಂದ ‘ಚಾಂಪಿಯನ್‌ಶಿಪ್’ ಎಂದು ಕರೆಸಿಕೊಂಡರು. ಹೆಸರು ಏರಿದಷ್ಟು ಹಣ ಏರಲಿಲ್ಲ. 2002ರಲ್ಲಿ ಐಟಿವಿ ಡಿಜಿಟಲ್ ಮುಳುಗಿದಾಗ ಮೂರು ವರ್ಷದ 31.5 ಕೋಟಿ ಪೌಂಡ್‌ಗಳ ಒಪ್ಪಂದ ನಡುವೆಯೇ ಮುರಿದು, ಅದನ್ನೇ ನಂಬಿ ಖರ್ಚು ಮಾಡಿದ್ದ ಕ್ಲಬ್‌ಗಳು ಸಾಲದಲ್ಲಿ ಬಿದ್ದವು. ಬುದ್ಧಿ ಬಂತೇ? ಆಮೇಲೂ ಹಲವು ಸೀಸನ್‌ಗಳಲ್ಲಿ ಈ ಲೀಗಿನ ಒಟ್ಟು ಸಂಬಳದ ಬಿಲ್ಲು ಒಟ್ಟು ಆದಾಯವನ್ನೇ ಮೀರಿದೆ. ಡರ್ಬಿ ಕೌಂಟಿ 2021–22ರಲ್ಲಿ 21 ಅಂಕಗಳ ದಂಡ ತೆತ್ತು ಹಿಂಬಡ್ತಿ ಪಡೆಯಿತು.

ಭಾರತದ ಹಣವೂ ಇಲ್ಲಿ ಕೈಸುಟ್ಟುಕೊಂಡಿದೆ. 1995ರ ಪ್ರೀಮಿಯರ್ ಲೀಗ್ ವಿಜೇತ ಬ್ಲ್ಯಾಕ್‌ಬರ್ನ್ ರೋವರ್ಸನ್ನು ಪುಣೆಯ ಕೋಳಿ ಉದ್ಯಮ ವೆಂಕೀಸ್ 2010ರಲ್ಲಿ ಕೊಂಡಿತು. 2012ರಲ್ಲಿ ತಂಡ ಎರಡನೇ ದರ್ಜೆಗೆ, 2017ರಲ್ಲಿ ಮೂರನೆಯದಕ್ಕೆ ಇಳಿದು, 2018ರಲ್ಲಿ ಎರಡನೆಯದಕ್ಕೆ ಮರಳಿತು. ಆಟಗಾರರ ಲೆಕ್ಕದಲ್ಲಿ, ಮುಂದೆ ಬೆಂಗಳೂರು ಎಫ್‌ಸಿಯ ನಾಯಕರಾದ ಸುನಿಲ್ ಛೆತ್ರಿ 2009ರಲ್ಲಿ ಈ ದರ್ಜೆಯ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಬಾಗಿಲವರೆಗೆ ಹೋಗಿದ್ದರು. ಭಾರತ ಫಿಫಾ ಪಟ್ಟಿಯ ಮೊದಲ 70ರಲ್ಲಿಲ್ಲವೆಂದು ಕೆಲಸದ ಪರವಾನಗಿ ಸಿಗಲಿಲ್ಲ.

ಈಗಿನ ತಕರಾರು ‘ಪ್ಯಾರಾಚೂಟ್’ ಹಣದ್ದು. ಪ್ರೀಮಿಯರ್ ಲೀಗ್‌ನಿಂದ ಬಿದ್ದವರಿಗೆ ಪ್ರಸಾರದ ಸಮಪಾಲಿನ ಶೇ 55, ನಂತರ 45, ಮತ್ತೆ 20ರಷ್ಟು ಹಣ ಮೂರು ವರ್ಷದವರೆಗೆ ಬರುತ್ತದೆ. ಹೀಗಾಗಿ ನಾರಿಚ್, ಫುಲಮ್‌ನಂಥವರು ಬಾವಿಯ ಕೊಡದ ಹಾಗೆ ಮೇಲೆ ಕೆಳಗೆ ಓಡಾಡುತ್ತಿದ್ದರು. 2024, 2025ರಲ್ಲಿ ಸತತವಾಗಿ, ಬಡ್ತಿ ಪಡೆದ ಮೂರೂ ತಂಡಗಳು ಮರುವರ್ಷವೇ ವಾಪಸ್ಸಾದವು. ಮೊದಲೆರಡು ಸ್ಥಾನಗಳ ಮಟ್ಟಿಗೆ ಅನಿಶ್ಚಿತತೆ ಸವೆಯುತ್ತಿದೆ ಎಂಬುದು ನನ್ನ ಅನುಮಾನ. 2014ರವರೆಗೆ ಐದನೇ ದರ್ಜೆಯಲ್ಲಿದ್ದ ಲೂಟನ್ 2023ರಲ್ಲಿ ತುದಿ ಮುಟ್ಟಿದ್ದೂ ಪ್ಲೇಆಫ್ ಮೂಲಕವೇ.

2024–25ರಲ್ಲಿ ಲೀಡ್ಸ್, ಬರ್ನ್‌ಲಿ ತಲಾ 100 ಅಂಕ ಗಳಿಸಿದವು; ಬರ್ನ್‌ಲಿ 46 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 16 ಗೋಲು. ಮೂರನೆಯದಾದ ಶೆಫೀಲ್ಡ್ ಯುನೈಟೆಡ್‌ಗೆ 90 ಅಂಕ. ನಾಲ್ಕನೆಯದಾದ ಸಂಡರ್ಲೆಂಡ್‌ಗೆ 76. ಲೀಗಿನ ಕೊನೆಯ ಐದು ಪಂದ್ಯಗಳನ್ನೂ ಅದು ಸೋತಿತ್ತು. ವೆಂಬ್ಲಿಯ ಫೈನಲ್‌ನಲ್ಲಿ ಮೊದಲ ಗೋಲು ಶೆಫೀಲ್ಡ್‌ನದು, 95ನೇ ನಿಮಿಷದ ಗೋಲು ಸಂಡರ್ಲೆಂಡ್‌ನ ಟಾಮಿ ವಾಟ್ಸನ್ ಅವರದು. 2–1. ಶೆಫೀಲ್ಡ್ ಯುನೈಟೆಡ್‌ಗೆ ಪ್ಲೇಆಫ್ ಮೂಲಕ ಬಡ್ತಿ ಅಲ್ಲಿಯವರೆಗೆ ಒಮ್ಮೆಯೂ ದಕ್ಕಿರಲಿಲ್ಲ. ಆ ದಿನವೂ ದಕ್ಕಲಿಲ್ಲ.