ನನ್ನ ಹಾಡನ್ನು ಅಂದರೆ ನನ್ನನ್ನೇ ಅಂದಂತೆ

ಬದನೆಕಾಯಿ ಸೇರುವುದಿಲ್ಲ ಎಂದು ಮನೆಗೆ ಬಂದ ನೆಂಟರು ಹೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಇನ್ನೊಂದು ಪಲ್ಯ ಬಡಿಸುತ್ತಾರೆ. ಅದೇ ನೆಂಟರು ನಾವು ಮೆಚ್ಚಿ ಹಾಕಿದ ಹಾಡು ಕೇಳಿ ‘ಇದೂ ಒಂದು ಸಂಗೀತವೇ?’ ಎಂದರೆ ಮನಸ್ಸು ಮುದುಡುತ್ತದೆ. ಎರಡೂ ರುಚಿಯ ಮಾತೇ. ಆದರೆ ಸಂಗೀತದ ಅಭಿರುಚಿಯೊಳಗೆ ನಮ್ಮ ಮೈ, ನಮ್ಮ ಹರೆಯ, ನಮ್ಮ ಜನ ಎಲ್ಲವೂ ಸೇರಿಕೊಂಡಿರುತ್ತವೆ.

ಮೈ ನವಿರೇಳುವ ಬಗೆ

ಕೆನಡಾದ ಮಾಂಟ್ರಿಯಲ್‌ನಲ್ಲಿ ಆನ್ ಬ್ಲಡ್ ಮತ್ತು ರಾಬರ್ಟ್ ಜಟೋರೆ ಎಂಬ ನರವಿಜ್ಞಾನಿಗಳು ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾಗವಹಿಸಿದವರು ತಮಗೆ ರೋಮಾಂಚನ ತರುವ ಸಂಗೀತವನ್ನು ತಾವೇ ಆರಿಸಿ ತಂದಿದ್ದರು. ಅದನ್ನು ಕೇಳುವಾಗ ಊಟದ, ಪ್ರಣಯದ ಸುಖಕ್ಕೆ ಮಿಡಿಯುವ ಮಿದುಳಿನ ಭಾಗಗಳೇ ಚುರುಕಾದವು. ನನಗೆ ಬಹಳ ಮುಖ್ಯವಾಗಿ ಕಾಣುವುದು ಆ ಪ್ರಯೋಗದ ಇನ್ನೊಂದು ವಿವರ. ಹೋಲಿಕೆಗೆಂದು ಪ್ರತಿಯೊಬ್ಬರಿಗೂ ಮನಸ್ಸು ಅಲುಗಿಸದ ಸಂಗೀತ ಬೇಕಾಗಿತ್ತು. ಅದಕ್ಕೆ ಬಳಸಿದ್ದು ಇನ್ನೊಬ್ಬರು ಮೆಚ್ಚಿ ತಂದದ್ದನ್ನೇ! ಒಬ್ಬರನ್ನು ನಡುಗಿಸಿದ ಸ್ವರಗಳು ಮತ್ತೊಬ್ಬರ ಕಿವಿಯನ್ನು ಸುಮ್ಮನೆ ಹಾದುಹೋದವು.

ಜಟೋರೆ ಅವರ ತಂಡದಲ್ಲಿದ್ದ ವಲೋರಿ ಸಲೀಂಪೂರ್ 2011ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಾಡಿನ ಉತ್ಕಟ ಕ್ಷಣದಲ್ಲಿ ಮಾತ್ರವಲ್ಲ, ಅದಕ್ಕೆ ಕೆಲವು ಸೆಕೆಂಡು ಮೊದಲೇ, ‘ಈಗ ಬರುತ್ತದೆ’ ಎಂದು ಕಾಯುವಾಗಲೂ ಮಿದುಳಿನಲ್ಲಿ ಡೋಪಮೈನ್ ಸುರಿಯುತ್ತದೆ ಎಂದು ತೋರಿಸಿದರು. ಸಂಗೀತದ ಸುಖ ನಿರೀಕ್ಷೆಯಲ್ಲಿದೆ ಎಂದು ಸಂಗೀತಶಾಸ್ತ್ರಜ್ಞ ಲೆನರ್ಡ್ ಮೆಯರ್ 1956ರಷ್ಟು ಹಿಂದೆಯೇ ವಾದಿಸಿದ್ದರು. ಕಛೇರಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂದ್ರದಿಂದ ಮೆಲ್ಲಗೆ ಏರಿದ ಆಲಾಪನೆ ತಾರ ಷಡ್ಜವನ್ನು ಮುಟ್ಟದೆ ನಿಷಾದದಲ್ಲೇ ತಂಗಿದಾಗ ರಾಗದ ಜಾಡು ಬಲ್ಲವರ ಉಸಿರು ಅಲ್ಲೇ ನಿಲ್ಲುತ್ತದೆ. ಆ ಜಾಡು ಗೊತ್ತಿಲ್ಲದವರಿಗೆ ಕಾಯಲು ಏನೂ ಇರುವುದಿಲ್ಲ. ಹೀಗಾಗಿಯೇ ಹಾಡಿನ ಸೊಗಸನ್ನು ವಾದ ಮಾಡಿ ದಾಟಿಸಲು ಆಗುವುದಿಲ್ಲ.

ಇನ್ನು ಕೆಲವರಿಗೆ ಯಾವ ಸಂಗೀತದಿಂದಲೂ ಸುಖವಿಲ್ಲ. ಬಾರ್ಸಿಲೋನಾದ ಸಂಶೋಧಕರು 2014ರಲ್ಲಿ ಇಂಥವರನ್ನು ಗುರುತಿಸಿದರು. ಹಣ ಗೆಲ್ಲುವ ಆಟದಲ್ಲಿ ಎಲ್ಲರಂತೆ ಹಿಗ್ಗುತ್ತಿದ್ದ ಅವರು ಹಾಡಿಗೆ ಮಾತ್ರ ಮಿಡಿಯುತ್ತಿರಲಿಲ್ಲ.

ಕಿವಿ ಪಳಗಿದ ನೆಲ

ಇಂಪು ಎಲ್ಲ ಮನುಷ್ಯರಿಗೂ ಒಂದೇ ಎಂಬ ನಂಬಿಕೆ ಹಳೆಯದು. ಬೊಲಿವಿಯಾದ ಅಮೆಜಾನ್ ಕಾಡಿನ ತ್ಸಿಮಾನೆ ಜನರ ನಡುವೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಅಲುಗಿಸಿತು. ಪಾಶ್ಚಾತ್ಯ ಕಿವಿಗೆ ಇಂಪಾಗುವ ಸ್ವರಮೇಳವನ್ನೂ ಕರ್ಕಶವೆನಿಸುವ ಸ್ವರಮೇಳವನ್ನೂ ಅವರು ಒಂದೇ ಸಮನಾಗಿ ಮೆಚ್ಚಿದರು.

ಒಂದೇ ಭಾಷೆಯೊಳಗೆ ಎರಡು ಕಿವಿಗಳು ಬೆಳೆದದ್ದನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಸೀಮೆ ಹಿಂದೂಸ್ತಾನಿಗೆ ಒಲಿಯಿತು. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ ಅವರಿಗೆ ಕಿರಾಣಾ ಘರಾಣೆ ಹರಿದು ಬಂತು. ಇತ್ತ ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥವರ ಕರ್ನಾಟಕ ಸಂಗೀತ ಬೆಳೆಯಿತು. ಹೆಚ್ಚಿನವರು ಸಂಗೀತ ಪದ್ಧತಿಯನ್ನು ಆರಿಸಿಕೊಂಡವರಲ್ಲ. ಮನೆಯ ಮಾತಿನ ಹಾಗೆ ಅದು ಎಳವೆಯಲ್ಲೇ ಕಿವಿಗೆ ಬಿದ್ದಿರುತ್ತದೆ.

ಹರೆಯದ ಹಾಡು

ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ, ಜನ ತಮಗೆ ಸುಮಾರು 24 ವರ್ಷವಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತಾರೆ ಎಂದು ಕಂಡುಕೊಂಡರು. ಮೊದಲ ಸಂಬಳ, ಮೊದಲ ಪ್ರೀತಿ, ಊರು ಬಿಟ್ಟ ನೋವು ಎಲ್ಲ ಒದಗುವುದು ಆ ಆಸುಪಾಸಿನಲ್ಲೇ. ಆಗ ಕೇಳಿದ ಹಾಡಿಗೆ ಅವು ಅಂಟಿಕೊಳ್ಳುತ್ತವೆ.

ರಾಜ್‌ಕುಮಾರ್ ಅವರಿಗೆ ಬಹುಕಾಲ ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜ್ ಹೆಚ್ಚಾಗಿ ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ರಾಜ್ ಮುಖಕ್ಕೆ ಯಾವ ದನಿ ಒಪ್ಪುತ್ತದೆ ಎಂದು ಇಬ್ಬರು ವಾದಿಸಿದರೆ, ಯಾರು ಯಾವ ದನಿಯೊಂದಿಗೆ ದೊಡ್ಡವರಾದರು ಎಂದು ಕೇಳಿನೋಡಿ. ನನ್ನ ಎಣಿಕೆಯಲ್ಲಿ ಉತ್ತರದ ಬಹುಪಾಲು ಅಲ್ಲೇ ಇರುತ್ತದೆ.

ನಮ್ಮವರ ಗುರುತು

ಅಪರಿಚಿತ ವಿದ್ಯಾರ್ಥಿಗಳನ್ನು ಜೋಡಿ ಮಾಡಿ, ಪರಿಚಯ ಬೆಳೆಸಿಕೊಳ್ಳಿ ಎಂದರೆ ಅವರು ಹೆಚ್ಚಾಗಿ ಮಾತಾಡುವುದು ಸಂಗೀತದ ಬಗ್ಗೆ ಎಂದು ಅಮೆರಿಕದಲ್ಲಿ ರೆಂಟ್‌ಫ್ರೋ ಮತ್ತು ಗಾಸ್ಲಿಂಗ್ 2006ರಲ್ಲಿ ತೋರಿಸಿದರು. ಮನುಷ್ಯನ ವರ್ಗವನ್ನು ಸಂಗೀತದ ಅಭಿರುಚಿಯಷ್ಟು ಖಚಿತವಾಗಿ ಹೇಳುವುದು ಬೇರೊಂದಿಲ್ಲ ಎಂಬುದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ 1979ರಲ್ಲಿ ಮಂಡಿಸಿದ ವಾದ. ಗುರುತು ಇದ್ದಲ್ಲಿ ತಿರಸ್ಕಾರವೂ ಹತ್ತಿರದಲ್ಲೇ ಇರುತ್ತದೆ. ‘ಅದೆಲ್ಲ ಗದ್ದಲ’ ಎನ್ನುವ ಮಾತು ಎಷ್ಟೋ ಸಲ ಹಾಡಿಗಿಂತ ಅದನ್ನು ಕೇಳುವ ಜನರಿಗೆ ಗುರಿಯಿಟ್ಟಿರುತ್ತದೆ.

ಅದೇ 1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್‌ನಲ್ಲಿ, ಎರಡು ಬೇಸ್‌ಬಾಲ್ ಪಂದ್ಯಗಳ ನಡುವೆ, ಡಿಸ್ಕೊ ಧ್ವನಿಮುದ್ರಿಕೆಗಳನ್ನು ರಾಶಿ ಹಾಕಿ ಸ್ಫೋಟಿಸಲಾಯಿತು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ. ಡಿಸ್ಕೊ ಬೇರುಬಿಟ್ಟಿದ್ದು ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ಕುಣಿತದ ಮನೆಗಳಲ್ಲಿ. ಆ ರಾತ್ರಿಯ ಸಿಟ್ಟು ಬರೀ ತಾಳದ ಮೇಲಿನದು ಎಂದು ನಂಬುವುದು ಕಷ್ಟ. ಅದೇ ಶಿಕಾಗೋದ ‘ವೇರ್‌ಹೌಸ್’ ಕ್ಲಬ್ಬಿನಲ್ಲಿ ಡಿ.ಜೆ. ಫ್ರಾಂಕಿ ನಕಲ್ಸ್ ಡಿಸ್ಕೊ ನುಡಿಸುವುದನ್ನು ನಿಲ್ಲಿಸಲಿಲ್ಲ. ಮುಂದಿನ ದಶಕದಲ್ಲಿ ಅಲ್ಲಿಂದ ‘ಹೌಸ್’ ಎಂಬ ಹೊಸ ಸಂಗೀತ ಹುಟ್ಟಿ ಜಗತ್ತನ್ನೆಲ್ಲ ಕುಣಿಸಿತು.