ಹುಲ್ಲುಗಾವಲಿನಿಂದ ಶಾಸನಸಭೆಗೆ: ಜಾನ್ ರಾಬರ್ಟ್‌ಸನ್

ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯದ ದೊಡ್ಡ ಸಂಪತ್ತು ಕುರಿಯ ಉಣ್ಣೆ. ಬ್ರಿಟಿಷರ ವಸಾಹತಾಗಿದ್ದ ನ್ಯೂ ಸೌತ್ ವೇಲ್ಸ್‌ನಲ್ಲಿ ವಿಶಾಲವಾದ ಸರ್ಕಾರಿ ಹುಲ್ಲುಗಾವಲುಗಳನ್ನು ಹಿಡಿದು ಕುರಿ ಮೇಯಿಸುತ್ತಿದ್ದ ಒಡೆಯರನ್ನು 'ಸ್ಕ್ವಾಟರ್'ಗಳೆಂದು ಕರೆಯುತ್ತಿದ್ದರು. 1847ರ ರಾಜಾಜ್ಞೆ ಒಳನಾಡಿನ ಭೂಮಿಯನ್ನು ಇವರಿಗೆ 14 ವರ್ಷಗಳವರೆಗೆ ಗುತ್ತಿಗೆಗೆ ಕೊಟ್ಟಿತು. ಇವರೊಳಗಿಂದಲೇ ಬಂದು ಇವರ ಹಿಡಿತವನ್ನು ಸಡಿಲಿಸಲು ಹೊರಟವನು ಜಾನ್ ರಾಬರ್ಟ್‌ಸನ್.

1816ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತ 1822ರಲ್ಲಿ ಹೆತ್ತವರೊಡನೆ ಸಿಡ್ನಿಗೆ ಬಂದ. ಯೌವನದಲ್ಲಿ ಕೆಲಕಾಲ ಹಡಗಿನಲ್ಲಿ ದುಡಿದು ಮರಳಿದ ಮೇಲೆ ಪಶುಪಾಲನೆಗೆ ಇಳಿದ. ಹಂಟರ್ ನದಿಯ ಮೇಲ್ಕಣಿವೆಯಲ್ಲಿ ಬೇಸಾಯವನ್ನೂ ಮಾಡಿದ. ಕುರಿಯೊಡೆಯನ ಅನುಕೂಲವನ್ನೂ ಸಣ್ಣ ರೈತನ ಪಾಡನ್ನೂ ಆತ ಬಲ್ಲವನಾಗಿದ್ದ. ಅಂಗುಳದ ದೋಷದಿಂದ ಅವನ ಮಾತು ಮೂಗಿನಿಂದ ಹೊರಡುತ್ತಿತ್ತು. ಆದರೂ 1856ರಲ್ಲಿ ಶಾಸನಸಭೆಗೆ ಆಯ್ಕೆಯಾಗಿ, ಮುಂದೆ ಐದು ಬಾರಿ ವಸಾಹತಿನ ಪ್ರಧಾನಿಯಾದ.

1851ರಲ್ಲಿ ಚಿನ್ನ ದೊರೆತ ಸುದ್ದಿಗೆ ಜನ ಹಿಂಡುಹಿಂಡಾಗಿ ಬಂದಿದ್ದರು. ಗಣಿಯ ಆದಾಯ ಇಳಿದಂತೆ ಅವರು ಕೇಳಿದ್ದು ಉಳಲು ನೆಲ. ರಾಬರ್ಟ್‌ಸನ್ ಕೊಟ್ಟ ಉತ್ತರ 'ಅಳತೆಗೆ ಮುಂಚೆಯೇ ಆಯ್ಕೆ'. ಯಾರು ಬೇಕಾದರೂ 40ರಿಂದ 320 ಎಕರೆ ಸರ್ಕಾರಿ ಭೂಮಿಯನ್ನು ಗುರುತಿಸಿಕೊಳ್ಳಬಹುದು. ಬೆಲೆ ಎಕರೆಗೆ ಒಂದು ಪೌಂಡು, ಮುಂಗಡ ಅದರ ಕಾಲುಭಾಗ. ಮೂರು ವರ್ಷ ಅಲ್ಲಿಯೇ ವಾಸಿಸಬೇಕು. ಸ್ಕ್ವಾಟರನ ಗುತ್ತಿಗೆಯ ಭೂಮಿಗೂ ಇದು ಅನ್ವಯಿಸುತ್ತಿತ್ತು.

ಮೇಲ್ಮನೆ ಇದನ್ನು ಬಲವಾಗಿ ವಿರೋಧಿಸಿತು. 1861ರ ಮೇ ತಿಂಗಳಲ್ಲಿ ಗವರ್ನರ್ 21 ಹೊಸ ಸದಸ್ಯರನ್ನು ನೇಮಿಸಿದಾಗ ಅಧ್ಯಕ್ಷರೂ ಹಲವು ಸದಸ್ಯರೂ ರಾಜೀನಾಮೆಯಿತ್ತು ಹೊರನಡೆದರು. ಪ್ರಧಾನಿಯ ಪದವಿಯನ್ನು ಚಾರ್ಲ್ಸ್ ಕೌಪರ್‌ಗೆ ಅದಾಗಲೇ ಬಿಟ್ಟುಕೊಟ್ಟು ಭೂಮಂತ್ರಿಯಾಗಿದ್ದ ರಾಬರ್ಟ್‌ಸನ್, ಪುನಾರಚಿತ ಮೇಲ್ಮನೆಯನ್ನು ತಾನೇ ಸೇರಿ ಮಸೂದೆಗಳನ್ನು ಅಂಗೀಕರಿಸುವಂತೆ ಮಾಡಿದ. 1862ರ ಆರಂಭದಿಂದ ಅವು ಜಾರಿಗೆ ಬಂದವು.

ಆದರೆ ಹಣವಂತರು ದಾರಿ ಹುಡುಕಿಕೊಂಡರು. ಬೇನಾಮಿ ಹೆಸರಿನಲ್ಲಿ ಭೂಮಿ ಕೊಂಡರು. ನವಿಲುಗರಿಯ ಕಣ್ಣುಗಳನ್ನಷ್ಟೇ ಆಯ್ದಂತೆ ನೀರಿನಾಸರೆಯ ತುಂಡುಗಳನ್ನೇ ಹಿಡಿದು ಸುತ್ತಲ ನೆಲ ಇತರರಿಗೆ ನಿರುಪಯೋಗಿಯಾಗುವಂತೆ ಮಾಡಿದರು. ಇತ್ತ ಸುಳ್ಳು ಅರ್ಜಿ ಹಾಕಿ ಸ್ಕ್ವಾಟರನಿಂದ ಹಣ ಕೀಳುವವರೂ ಹುಟ್ಟಿಕೊಂಡರು. ಪ್ರಾಮಾಣಿಕ ರೈತರಲ್ಲಿ ಹಲವರು ಬರ, ಸಾಲಗಳಿಗೆ ಸಿಕ್ಕಿ ಸೋತರು, ನೆಲೆಯೂರಿದವರೂ ಇದ್ದರು. 1883ರ ವಿಚಾರಣಾ ವರದಿ ಈ ದುರುಪಯೋಗಗಳನ್ನು ಬಯಲಿಗೆಳೆಯಿತು. ಮರುವರ್ಷ ಹೊಸ ಕಾಯಿದೆ ಬಂದಿತು.

1879ರಲ್ಲಿ ಸಿಡ್ನಿಯ ದಕ್ಷಿಣಕ್ಕೆ ಸಾರ್ವಜನಿಕರಿಗಾಗಿ ರಾಷ್ಟ್ರೀಯ ಉದ್ಯಾನವೊಂದನ್ನು ಮೀಸಲಿಡಿಸಿದ ಶ್ರೇಯಸ್ಸೂ ರಾಬರ್ಟ್‌ಸನ್‌ಗೆ ಸಲ್ಲುತ್ತದೆ. ಆತ ತೀರಿಕೊಂಡದ್ದು 1891ರಲ್ಲಿ.

ಕುರಿಯೊಡೆಯ ಮತ್ತು ರೈತರ ಈ ದೀರ್ಘ ವ್ಯಾಜ್ಯದಲ್ಲಿ ನೆಲದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಶಾಸನಸಭೆ ಹಂಚಿದ್ದು ಅವರ ಭೂಮಿಯನ್ನೇ. ಬ್ರಿಟಿಷರು ಬರುವ ಮೊದಲೇ ಅವರಿಗೆ ಆ ನೆಲದ ಮೇಲೆ ಹಕ್ಕಿತ್ತೆಂದು ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯ ಮಾಬೊ ಮೊಕದ್ದಮೆಯಲ್ಲಿ ಒಪ್ಪಿದ್ದು 1992ರಲ್ಲಿ. ರಾಬರ್ಟ್‌ಸನ್‌ನ ಸುಧಾರಣೆಯ ಲೆಕ್ಕ ಹಾಕುವಾಗ ಬಿಟ್ಟುಹೋದ ಈ ಹಕ್ಕುದಾರರನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.